ಪುರವೃಕ್ಷಗಳ ಛೇದನ, ದಂಡ ಮತ್ತು ಪುನರಾರೋಪಣ

ಮೈಸೂರು ಅರಸರ ವಂಶಾವಳಿಗಳನ್ನು ಓದಿದವರಿಗೆ ಹದಿನಾರು ಎಂಬ ಗ್ರಾಮನಾಮವು ಅಪರಿಚಿತವಲ್ಲ. ದ್ವಾರಕೆಯಿಂದ ಬಂದರೆನ್ನಲಾದ ಯದುರಾಯ, ಕೃಷ್ಣರಾಯ ಎಂಬ ಸಹೋದರರು ಈ ಊರಿನ ಅರಸುಮನೆತನಕ್ಕೆ ಒದಗಿದ್ದ ವಿಪತ್ತನ್ನು ಕೇಳಿ, ಕಾರುಗಹಳ್ಳಿಯ ಮಾರನಾಯಕನನ್ನು ನಿಗ್ರಹಿಸಿದರೆಂದೂ, ಯದುರಾಯನು ಅಲ್ಲಿಯ ರಾಜಪುತ್ರಿಯನ್ನು ವರಿಸಿ ಕ್ರಿ. ಶ. 1399ರಲ್ಲಿ ಒಡೆಯರ ವಂಶಕ್ಕೆ ಮೂಲಪುರುಷನಾದನೆಂದೂ ಪರಂಪರೆಯು ಹೇಳುತ್ತದೆ. ಈ ಕಥೆಯಲ್ಲಿ ಇತಿಹಾಸವೆಷ್ಟು, ವಂಶಪ್ರಶಸ್ತಿಯೆಷ್ಟು ಎಂಬುದು ಪ್ರತ್ಯೇಕವಾದ ವಿಚಾರ. ನಂಜನಗೂಡು ತಾಲ್ಲೂಕಿಗೆ ಸೇರಿ, ತಿರುಮಕೂಡಲು ನರಸೀಪುರದ ಸೀಮೆಗೆ ಹೊಂದಿಕೊಂಡಿರುವ ಈ ಊರು ಇಂದು ಕೆರೆಬಯಲಿನ ಒಂದು ಗ್ರಾಮ. ಅದರ ಹೆಸರನ್ನು ತನ್ನ ಮೂಲಕಥೆಯಲ್ಲಿ ಹೊತ್ತ ವಂಶವಾದರೋ ಮೈಸೂರಿನಲ್ಲಿ ನೆಲೆಯೂರಿ ಮಹಾನಗರವೊಂದಕ್ಕೆ ಕಾರಣವಾಯಿತು. ಒಂದೇ ಸೀಮೆಯ ಈ ಎರಡು ನೆಲೆಗಳಲ್ಲಿ ಮರವನ್ನು ಕುರಿತ ಕಟ್ಟಳೆಯು ಒಂದೇ ರೂಪದಲ್ಲಿ ಉಳಿಯಲಿಲ್ಲ. ಗ್ರಾಮದಲ್ಲಿ ಅದು ಬಹುಮಟ್ಟಿಗೆ ಆಚಾರವಾಗಿ ನಿಂತಿತು. ನಗರದಲ್ಲಿ ಲಿಖಿತವಾದ ವಿಧಿಯಾಗಬೇಕಾಯಿತು. ಆ ಲಿಖಿತ ವಿಧಿಯ ಪೂರ್ವರೂಪಗಳು ಯಾವುವು, ಅವು ಮರವನ್ನು ಯಾವ ಮಾನದಿಂದ ಅಳೆದವು, ಈಗಿನ ವಿಧಿಯು ಯಾವ ಮಾನದಿಂದ ಅಳೆಯುತ್ತದೆ ಎಂಬಿಷ್ಟೇ ಇಲ್ಲಿ ವಿಚಾರಾರ್ಹವಾದ ವಿಷಯ.

ಮೊದಲು ಗ್ರಾಮದ ಸ್ಥಿತಿ. ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ಮರಗಳು ಮೂರು ತೆರನಾದ ರಕ್ಷಣೆಯನ್ನು ಪಡೆದಿದ್ದುವು. ಊರಮುಂದಣ ಅರಳಿಯ ಕಟ್ಟೆ ಒಂದು: ಅರಳಿಗೆ ಉಪನಯನವನ್ನೂ, ಅರಳಿಗೂ ಬೇವಿಗೂ ವಿವಾಹವನ್ನೂ ಮಾಡಿ, ಬುಡದಲ್ಲಿ ನಾಗರಕಲ್ಲುಗಳನ್ನು ಸ್ಥಾಪಿಸಿದ ಮೇಲೆ ಅದರ ಮೇಲೆ ಕೊಡಲಿಯನ್ನೆತ್ತುವವರು ಇರಲಿಲ್ಲ. ಗುಂಡುತೋಪು ಎರಡನೆಯದು: ಮಾವು, ಹುಣಿಸೆ, ನೇರಳೆ, ಹಿಪ್ಪೆ, ಹೊಂಗೆಗಳ ಈ ತೋಪು ಊರಿನವರೆಲ್ಲರ ನೆರಳು, ದನಕರುಗಳು ಅಲ್ಲಿ ಮಲಗುತ್ತಿದ್ದುವು, ಹಾದಿಹೋಕರು ಅಲ್ಲಿ ಗಾಡಿ ಬಿಡುತ್ತಿದ್ದರು. ಮೂರನೆಯದು ಎಲ್ಲೆಯ ಮರ. ದಾನಶಾಸನಗಳಲ್ಲಿ ಭೂಮಿಯ ಚತುಸ್ಸೀಮೆಯನ್ನು ಹೇಳುವಾಗ ಹಳ್ಳ, ಗುಂಡು, ಹುತ್ತಗಳೊಡನೆ ಆಲ, ಹುಣಿಸೆ ಮೊದಲಾದ ಮರಗಳನ್ನು ಹೆಸರಿಸುವುದು ಸರ್ವಸಾಮಾನ್ಯ. ಮನುಸ್ಮೃತಿಯ ಎಂಟನೆಯ ಅಧ್ಯಾಯವು ಸೀಮಾವೃಕ್ಷಗಳಾಗಿ ಆಲ, ಅರಳಿ, ಮುತ್ತುಗ, ಬೂರುಗ, ಸಾಲ, ತಾಳೆಗಳನ್ನೂ ಹಾಲುಳ್ಳ ಮರಗಳನ್ನೂ ವಿಧಿಸಿದೆ. ಇಂತಹ ಮರವನ್ನು ಕಡಿದವನು ಮರವನ್ನಷ್ಟೇ ಕಡಿದಂತಾಗಲಿಲ್ಲ. ನೆರೆಹೊರೆಯವರ ಹಕ್ಕಿಗೆ ಇದ್ದ ಸಾಕ್ಷಿಯನ್ನೇ ಕೊಂದಂತಾಯಿತು. ಆಚಾರದ ಕಟ್ಟು ಬಿಗಿಯಾಗಿರುವವರೆಗೆ ದಂಡದ ಮಾತು ವಿರಳ. ಜನರು ಒಬ್ಬರನ್ನೊಬ್ಬರು ಅರಿಯದ ನಗರದಲ್ಲಿಯೇ ಅದರ ಅಗತ್ಯವುಂಟಾಗುವುದು.

ನಗರದ ಮರಗಳನ್ನು ಹೆಸರಿಸಿಯೇ ದಂಡವನ್ನು ಹೇಳಿದ ಪ್ರಾಚೀನ ಗ್ರಂಥವು ಕೌಟಿಲ್ಯನ ಅರ್ಥಶಾಸ್ತ್ರ. ಅದು ಲೋಕಕ್ಕೆ ಮರಳಿ ದೊರೆತದ್ದೂ ಮೈಸೂರಿನಲ್ಲಿಯೇ ಎಂಬುದು ಸಂತೋಷದ ಸಂಗತಿ. 1891ರಲ್ಲಿ ಸ್ಥಾಪಿತವಾದ ಅಲ್ಲಿಯ ಪ್ರಾಚ್ಯಪುಸ್ತಕಭಂಡಾರಕ್ಕೆ ಬಂದ ತಾಳೆಯೋಲೆಯ ಪ್ರತಿಯನ್ನು ಗುರುತಿಸಿ, ಪರಿಶೋಧಿಸಿ, 1909ರಲ್ಲಿ ಮುದ್ರಿಸಿದವರು ರುದ್ರಪಟ್ಟಣದ ಶಾಮಶಾಸ್ತ್ರಿಗಳು. ಆ ಗ್ರಂಥದ ಮೂರನೆಯ ಅಧಿಕರಣದ ಹತ್ತೊಂಬತ್ತನೆಯ ಅಧ್ಯಾಯದಲ್ಲಿ, ಹೊಡೆತ ಬಡಿತಗಳಿಗೆ ದಂಡವನ್ನು ಹೇಳುವ ಪ್ರಕರಣದ ಕೊನೆಯಲ್ಲಿ, ಪುರದ ಉಪವನಗಳಲ್ಲಿರುವ, ಹೂ ಹಣ್ಣು ನೆರಳುಗಳನ್ನು ಕೊಡುವ ಮರಗಳ ಮಾತು ಬರುತ್ತದೆ. ಚಿಗುರನ್ನು ಕಡಿದರೆ 6 ಪಣ, ಸಣ್ಣ ಕೊಂಬೆಗೆ 12, ದಪ್ಪ ಕೊಂಬೆಗೆ 24. ಕಾಂಡವನ್ನು ಕಡಿದರೆ ಪೂರ್ವಸಾಹಸದಂಡ, ಬುಡಸಹಿತ ಕಿತ್ತರೆ ಮಧ್ಯಮಸಾಹಸದಂಡ. ಕೌಟಿಲ್ಯನ ಪರಿಭಾಷೆಯಲ್ಲಿ ಪೂರ್ವಸಾಹಸವೆಂದರೆ 48ರಿಂದ 96 ಪಣಗಳು, ಮಧ್ಯಮವೆಂದರೆ 200ರಿಂದ 500 ಪಣಗಳು. ಈ ವಿಧಿಯು ಬಂದಿರುವ ಸ್ಥಳವನ್ನು ಗಮನಿಸತಕ್ಕದ್ದು. ಮನುಷ್ಯನ ದೇಹಕ್ಕೆ ಮಾಡಿದ ನೋವು, ಪಶುವಿಗೆ ಮಾಡಿದ ನೋವು, ಅನಂತರ ಮರಕ್ಕೆ ಮಾಡಿದ ನೋವು ಎಂಬ ಕ್ರಮದಲ್ಲಿ ಅದು ನಿಂತಿದೆ. ಕಳವಿನ ಪ್ರಕರಣದಲ್ಲಿ ಅಲ್ಲ. ಮರದ ಛೇದನವು ದ್ರವ್ಯಹಾನಿಯೆಂಬುದಕ್ಕಿಂತ ಅಂಗಭಂಗವೆಂದು ಎಣಿಸಲ್ಪಟ್ಟಿದೆಯೆಂದು ಇದರಿಂದ ಊಹಿಸಬಹುದು.

ಇದೇ ವಿಷಯವು ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ದಂಡಪಾರುಷ್ಯಪ್ರಕರಣದಲ್ಲಿ ಮರಳಿ ಬರುತ್ತದೆ. ಕನ್ನಡಿಗರಿಗೆ ಇದರಲ್ಲಿ ವಿಶೇಷಾಭಿಮಾನವಿರುವುದು ಸಹಜ. ಏಕೆಂದರೆ ಆ ಸ್ಮೃತಿಗೆ ಮಿತಾಕ್ಷರಾವ್ಯಾಖ್ಯೆಯನ್ನು ಬರೆದ ವಿಜ್ಞಾನೇಶ್ವರನು ಚಾಳುಕ್ಯ ಆರನೆಯ ವಿಕ್ರಮಾದಿತ್ಯನ (1076-1126) ಕಲ್ಯಾಣನಗರದಲ್ಲಿದ್ದವನು. ಮೂಲಶ್ಲೋಕವು ಅತಿಸಂಕ್ಷಿಪ್ತ. ಇಪ್ಪತ್ತರಿಂದ ಮೊದಲಾಗಿ ದ್ವಿಗುಣ ಎಂಬರ್ಥದ ಮಾತಷ್ಟೇ ಅದರಲ್ಲಿದೆ. ಕೊಂಬೆಗೆ 20 ಪಣ, ಕಾಂಡಕ್ಕೆ 40, ಮರವನ್ನು ಸಮೂಲವಾಗಿ ಕಡಿದರೆ 80 ಎಂದು ಉತ್ತರೋತ್ತರವಾಗಿ ಇಮ್ಮಡಿಸಬೇಕೆಂದು ವ್ಯಾಖ್ಯಾನವು ಬಿಡಿಸಿ ಹೇಳುತ್ತದೆ. ಕಡಿದ ಕೊಂಬೆಯಿಂದಲೇ ಮತ್ತೆ ಚಿಗುರುವ ಆಲ ಮೊದಲಾದ ಮರಗಳು ಒಂದು ವರ್ಗ. ಹಾಗೆ ಚಿಗುರದಿದ್ದರೂ ಜನರ ಜೀವನಕ್ಕೆ ಆಧಾರವಾದ ಮಾವು ಮೊದಲಾದವು ಮತ್ತೊಂದು ವರ್ಗ. ಎರಡಕ್ಕೂ ದಂಡವು ಸಮಾನ. ಮತ್ತೆ ಚಿಗುರುವುದೆಂಬ ಕಾರಣದಿಂದ ಆಲವನ್ನು ಕಡಿದವನಿಗೆ ವಿನಾಯಿತಿಯಿಲ್ಲವೆಂಬ ಅಂಶವು ಇಲ್ಲಿ ಮುಖ್ಯ. ಪೊದೆ, ಬಳ್ಳಿ, ಓಷಧಿಗಳಿಗೆ ಅರ್ಧದಂಡ.

ಪಣವೆಂದರೆ ಎಷ್ಟು ಎಂಬುದಕ್ಕೂ ಒಂದು ಮಾತು ಸಲ್ಲುತ್ತದೆ. ಮನುವಿನ ಗಣನೆಯಂತೆ 5 ಗುಲಗಂಜಿಗಳ ತೂಕ ಒಂದು ಮಾಷ, 16 ಮಾಷಗಳು ಒಂದು ಕರ್ಷ. ಒಂದು ಕರ್ಷ ತೂಕದ ತಾಮ್ರದ ನಾಣ್ಯವೇ ಪಣ. ಹಾಗಾದರೆ ಒಂದು ಪಣಕ್ಕೆ 80 ಗುಲಗಂಜಿಗಳ ತೂಕವಾಯಿತು. ಮರವನ್ನು ಕಡಿದವನ ದಂಡವನ್ನು ಬಳ್ಳಿಯ ಬೀಜದಿಂದ ತೂಗಿದ್ದಾರೆ! ತಿರುಮಕೂಡಲು ನರಸೀಪುರದ ಗುಂಜಾನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿಯಿರುವುದನ್ನೂ, ಆ ಕ್ಷೇತ್ರವು ಕಾಶಿಗಿಂತ ಗುಲಗಂಜಿಯಷ್ಟು ಹೆಚ್ಚೆಂದು ಜನರು ಹೇಳುವುದನ್ನೂ ಬಲ್ಲವರಿಗೆ ಈ ಬೀಜದ ತೂಕವು ಅಲ್ಪವೆಂದು ತೋರಲಾರದು.

ಕೌಟಿಲ್ಯ ಯಾಜ್ಞವಲ್ಕ್ಯರಿಬ್ಬರೂ ಕೆಲವು ಮರಗಳಿಗೆ ಇಮ್ಮಡಿ ದಂಡವನ್ನು ಹೇಳಿದ್ದಾರೆ. ಆದರೆ ಆ ಮರಗಳ ಪಟ್ಟಿಯು ಒಂದೇ ಅಲ್ಲ. ಕೌಟಿಲ್ಯನಲ್ಲಿ ಸೀಮಾವೃಕ್ಷ, ಚೈತ್ಯವೃಕ್ಷ, ಆಲಕ್ಷಿತ ಎಂದರೆ ಎದ್ದುಕಾಣುವಂತಹ ವೃಕ್ಷ, ರಾಜವನದ ವೃಕ್ಷ ಎಂಬ ನಾಲ್ಕು ಇವೆ. ಪುಣ್ಯಸ್ಥಾನ, ತಪೋವನ, ಶ್ಮಶಾನಗಳ ಮರಗಳನ್ನು ಆತನು ಇಮ್ಮಡಿಯ ವರ್ಗದಲ್ಲಿ ಸೇರಿಸದೆ, ಪೊದೆಬಳ್ಳಿಗಳಿಗೆ ಅರ್ಧದಂಡವನ್ನು ಹೇಳುವ ವಾಕ್ಯದೊಡನೆ ಇರಿಸಿದ್ದಾನೆ. ಯಾಜ್ಞವಲ್ಕ್ಯನಲ್ಲಿ ಚೈತ್ಯ, ಶ್ಮಶಾನ, ಸೀಮೆ, ಪುಣ್ಯಸ್ಥಾನ, ದೇವಾಲಯಗಳಲ್ಲಿ ಬೆಳೆದ ಮರಗಳಿಗೂ ವಿಶ್ರುತವಾದ ಮರಕ್ಕೂ ಇಮ್ಮಡಿ. ರಾಜವನವು ಈ ಪಟ್ಟಿಯಲ್ಲಿಲ್ಲ. ಅದರ ಎಡೆಯಲ್ಲಿ ದೇವಾಲಯವು ಬಂದು ನಿಂತಿದೆ. ಅರ್ಥಶಾಸ್ತ್ರಕಾರನಿಗೆ ರಾಜನ ತೋಟವು ಮೊದಲು, ಧರ್ಮಶಾಸ್ತ್ರಕಾರನಿಗೆ ಪ್ರಜೆಗಳೆಲ್ಲರೂ ಸೇರುವ ಸ್ಥಾನವು ಮೊದಲು. ಆದರೂ ಎದ್ದುಕಾಣುವ ಮರ, ವಿಶ್ರುತವಾದ ಮರ ಎಂಬ ವರ್ಗವು ಇಬ್ಬರಲ್ಲಿಯೂ ಉಳಿದುಬಂದಿದೆ. ಜನರು ಹೆಸರು ಹಿಡಿದು ಗುರುತಿಸುವ ಮರವು ಉಳಿದ ಮರಗಳಂತಲ್ಲ, ಅದನ್ನು ಕಳೆದುಕೊಂಡ ಊರು ಹೆಚ್ಚಿನದನ್ನು ಕಳೆದುಕೊಳ್ಳುತ್ತದೆ ಎಂಬುದೇ ಇದರ ಅಭಿಪ್ರಾಯವಾಗಿರಬೇಕು. ಮನುವಾದರೋ ಅಂಕಿಗಳನ್ನೇ ಕೊಡದೆ, ಯಾವ ಮರದಿಂದ ಎಂತಹ ಉಪಭೋಗವೋ ಅದಕ್ಕೆ ತಕ್ಕ ದಂಡವೆಂದು ಒಂದೇ ಮಾತಿನಲ್ಲಿ ಮುಗಿಸಿದ್ದಾನೆ.

ದಂಡವು ರಾಜನ ಬೊಕ್ಕಸಕ್ಕೆ ಹೋಯಿತು. ಮರವನ್ನು ಕಳೆದುಕೊಂಡವನಿಗೆ ಏನು ಬಂದಿತು? ಈ ಪ್ರಶ್ನೆಗೆ ಉತ್ತರವು ವಿಷ್ಣುಸ್ಮೃತಿಯ ಐದನೆಯ ಅಧ್ಯಾಯದಲ್ಲಿದೆ. ಹಣ್ಣಿನ ಮರವನ್ನು ಕಡಿದವನಿಗೆ ಉತ್ತಮಸಾಹಸ, ಹೂವಿನ ಮರವನ್ನು ಕಡಿದವನಿಗೆ ಮಧ್ಯಮಸಾಹಸ, ಬಳ್ಳಿಪೊದೆಗಳಿಗೆ 100 ಕಾರ್ಷಾಪಣ, ಹುಲ್ಲಿಗೆ ಒಂದು ಎಂದು ಹೇಳಿ, ಇವರೆಲ್ಲರೂ ಆಯಾ ಒಡೆಯರಿಗೆ ಅವುಗಳ ಉತ್ಪತ್ತಿಯನ್ನು ಕೊಡತಕ್ಕದ್ದೆಂದು ಆ ಸ್ಮೃತಿಯು ಸೇರಿಸುತ್ತದೆ. ಕಡಿದ ಮರಕ್ಕೆ ಪ್ರತಿಯಾಗಿ ಸಸಿಯಲ್ಲ, ಆ ಮರದ ಫಲ. ಬದಲಿಗೆ ಮರವನ್ನು ನೆಡಬೇಕೆಂಬ ಸ್ಪಷ್ಟವಿಧಿಯು ಮೇಲ್ಕಂಡ ದಂಡವಚನಗಳಲ್ಲಿ ಇಲ್ಲವೆಂಬುದನ್ನೂ ಒಪ್ಪತಕ್ಕದ್ದೇ. ಪ್ರಾಚೀನರ ಎಲ್ಲ ವಚನಗಳಲ್ಲಿಯೂ ಇಂದಿನ ನಿಯಮವನ್ನು ಕಾಣಬಯಸುವ ಉತ್ಸಾಹವು ಪಾಂಡಿತ್ಯಕ್ಕೆ ಹಿತವಲ್ಲ. ಸ್ಮೃತಿವಚನವು ವಿಧಿಯೇ ಹೊರತು ನಡೆದುದರ ದಾಖಲೆಯಲ್ಲ ಎಂಬುದನ್ನೂ ಮರೆಯಲಾಗದು.

ನೆಡುವ ವಿಷಯವನ್ನು ಹೇಳುವ ಶಾಸ್ತ್ರವೇ ಬೇರೆ, ಅದು ವೃಕ್ಷಾಯುರ್ವೇದ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಆ ಹೆಸರಿನ ಅಧ್ಯಾಯವೊಂದಿದೆ. ಮರದಿಂದ ಮರಕ್ಕೆ 20 ಹಸ್ತಗಳ ಅಂತರವು ಉತ್ತಮ, 16 ಹಸ್ತಗಳದು ಮಧ್ಯಮ, 12 ಹಸ್ತಗಳದು ಅಧಮ. ಒತ್ತಾಗಿ ಬೆಳೆದು ಕೊಂಬೆಬೇರುಗಳು ಹೆಣೆದುಕೊಂಡ ಮರಗಳು ಚೆನ್ನಾಗಿ ಫಲಿಸಲಾರವು ಎಂದು ಆತನ ಮತ. ಒಂದು ಹಸ್ತವನ್ನು ಒಂದೂವರೆ ಅಡಿಯೆಂದು ಹಿಡಿದರೆ 20 ಹಸ್ತಗಳಿಗೆ 30 ಅಡಿಗಳಾಗುತ್ತವೆ. ಲೆಕ್ಕ ತುಂಬುವುದಕ್ಕಾಗಿ ನೂರು ಸಸಿಗಳನ್ನು ಒಂದೇ ಮೂಲೆಯಲ್ಲಿ ಒತ್ತರಿಸಿ ನೆಡುವವರು ಈ ಅಂಕಿಯನ್ನು ನೋಡಬೇಕು. ಮರವನ್ನು ಒಂದೆಡೆಯಿಂದ ಮತ್ತೊಂದೆಡೆಗೆ ಸಾಗಿಸಿ ನೆಡುವ ಕ್ರಮವೂ ಅಲ್ಲಿದೆ: ತುಪ್ಪ, ಲಾಮಂಚ, ಎಳ್ಳು, ಜೇನು, ವಾಯುವಿಳಂಗ, ಹಾಲು, ಸಗಣಿಗಳನ್ನು ಬೇರಿನಿಂದ ಕಾಂಡದವರೆಗೆ ಲೇಪಿಸಿ ಕೀಳಬೇಕು. ಇದು ನೂತನವೆಂದು ಭಾವಿಸುವವರುಂಟು. ಕನ್ನಡದಲ್ಲಿಯೂ ಈ ಶಾಸ್ತ್ರವು ಬಹುಕಾಲದಿಂದ ಇದೆ. ಸುಮಾರು 1025ರಲ್ಲಿ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದವು ಒಂದು ಭಾಗ. ಕಡಿಯಲೇಬೇಕಾದಾಗಲೂ ಒಂದು ಕ್ರಮವುಂಟು. ಪ್ರತಿಮೆಗಾಗಿ ಮರವನ್ನು ತರಲು ವನವನ್ನು ಪ್ರವೇಶಿಸುವವನು ಮರಕ್ಕೆ ಪೂಜೆ ಮಾಡಿ, ಅದರಲ್ಲಿ ವಾಸಿಸುವ ಭೂತಗಳು ಬೇರೆಡೆಗೆ ತೆರಳಲೆಂದು ಪ್ರಾರ್ಥಿಸಿ, ರಾತ್ರಿ ಕಳೆದ ಮೇಲೆಯೇ ಕೊಡಲಿಯನ್ನಿಡಬೇಕೆಂದು ವರಾಹಮಿಹಿರನು ಹೇಳುತ್ತಾನೆ. ಭೂತಗಳ ಮಾತನ್ನು ಬಿಟ್ಟರೂ, ಕಡಿಯುವವನು ತನ್ನ ಸಂಕಲ್ಪವನ್ನು ಮುಂಚಿತವಾಗಿ ತಿಳಿಸಿ, ಅಲ್ಲಿ ಆಶ್ರಯ ಪಡೆದವರಿಗೆ ಅವಕಾಶವನ್ನು ಕೊಡತಕ್ಕದ್ದೆಂಬ ನ್ಯಾಯವು ಅದರಲ್ಲಿ ನಿಲ್ಲುತ್ತದೆ.

ಮೈಸೂರು ನಗರಕ್ಕೆ ಬರೋಣವಾಗಲಿ. ಹತ್ತೊಂಬತ್ತನೆಯ ಶತಮಾನದ ಅಂತ್ಯದ ಮಹಾಮಾರಿಯ ಅನಂತರ, 1903ರಲ್ಲಿ ಅಲ್ಲಿ ನಗರಾಭಿವೃದ್ಧಿಯ ವಿಶ್ವಸ್ತಮಂಡಲಿಯು ಸ್ಥಾಪಿತವಾಗಿ, ಇಕ್ಕಟ್ಟಾದ ಕೇರಿಗಳು ತೆರೆದು ಅಗಲವಾದ ಬೀದಿಗಳು ಏರ್ಪಟ್ಟುವು. 1908ರಲ್ಲಿ ಸಂಸ್ಥಾನದ ಸೇವೆಗೆ ಬಂದ ಜರ್ಮನಿಯ ಉದ್ಯಾನತಜ್ಞ ಕ್ರುಂಬಿಗಲ್ಲನೂ, 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರೂ ಬೀದಿಯ ಮರವನ್ನು ನಗರದ ಅಲಂಕಾರವಾಗಿಯೂ ಆವಶ್ಯಕವಾಗಿಯೂ ಎಣಿಸಿದವರು. ಆ ಕಾಲದಲ್ಲಿ ನೆಡುವವನೂ ಸರ್ಕಾರ, ಕಾಯುವವನೂ ಸರ್ಕಾರ; ಕಡಿಯುವ ಪ್ರಸಂಗಗಳು ಅಲ್ಪವಾದುದರಿಂದ ಪ್ರತ್ಯೇಕವಾದ ಶಾಸನದ ಒತ್ತಡವು ಕಾಣಲಿಲ್ಲ. ನಗರಗಳು ಬೆಳೆದು, ನಿವೇಶನಕ್ಕೂ ರಸ್ತೆಗೂ ಮರವು ಅಡ್ಡವೆಂದು ತೋರತೊಡಗಿದ ಮೇಲೆ ಕರ್ನಾಟಕ ವೃಕ್ಷಸಂರಕ್ಷಣಾ ಅಧಿನಿಯಮವು 1976ರಲ್ಲಿ ಬಂದಿತು. ಆಗ ಮುಖ್ಯಮಂತ್ರಿಗಳಾಗಿದ್ದವರು ಮೈಸೂರು ಜಿಲ್ಲೆಯವರೇ ಆದ ದೇವರಾಜ ಅರಸು.

ಈ ಅಧಿನಿಯಮದ ರಚನೆಯು ಪಂಡಿತರಿಗೂ ಮೆಚ್ಚುಗೆಯಾಗತಕ್ಕದ್ದು. ಕಡಿಯುವುದೆಂದರೆ ಬುಡವನ್ನು ಕತ್ತರಿಸುವುದು ಮಾತ್ರವಲ್ಲ. ಬೇರುಸಹಿತ ಕೀಳುವುದು, ಸುಡುವುದು, ಕೊಂಬೆಗಳನ್ನು ಸವರುವುದು ಸಹ ಕಡಿಯುವುದೇ ಎಂದು ಅದರ ಪರಿಭಾಷೆ. ಚಿಗುರಿನಿಂದ ಬುಡದವರೆಗೆ ಕೌಟಿಲ್ಯನು ಇಳಿದ ಮೆಟ್ಟಿಲುಗಳೆಲ್ಲವೂ ಈ ಒಂದು ಪದದಲ್ಲಿ ಅಡಗಿವೆ. ಆದರೆ ಮೆಟ್ಟಿಲುಗಳ ತಾರತಮ್ಯವು ಉಳಿದಿಲ್ಲ. ಮರವನ್ನು ಕಡಿಯಬಯಸುವವನು ವೃಕ್ಷಾಧಿಕಾರಿಯ ಅನುಮತಿಯನ್ನು ಪಡೆಯಬೇಕು. ಆ ಅಧಿಕಾರಿಯ ಮೇಲೆ ವೃಕ್ಷಪ್ರಾಧಿಕಾರವುಂಟು. ಒಣಗಿದ, ರೋಗಗ್ರಸ್ತವಾದ, ಗಾಳಿಗೆ ಬಿದ್ದ, ಪ್ರಾಣಕ್ಕೋ ಆಸ್ತಿಗೋ ಅಪಾಯಕಾರಿಯಾದ, ಸಂಚಾರಕ್ಕೆ ಅಡ್ಡವಾದ ಮರಗಳಿಗೆ ಅನುಮತಿಯು ಸುಲಭ. ತೆಂಗು, ಸರ್ವೆ, ನೀಲಗಿರಿ, ಸಿಲ್ವರ್ ಓಕ್ ಮೊದಲಾದವುಗಳಿಗೆ ವಿನಾಯಿತಿಯಿದೆ. ಇವು ಬೆಳೆಯೆಂದು ಬೆಳೆಸುವ ಮರಗಳಾದುದರಿಂದ ಅದು ಯುಕ್ತವೇ. ಸ್ಮೃತಿಗಳಲ್ಲಿ ಕಾಣದಿದ್ದ ಪುನರಾರೋಪಣವು ಇಲ್ಲಿ ವಿಧಿಯಾಗಿ ನಿಂತಿದೆ: ಅನುಮತಿ ಪಡೆದು ಕಡಿದವನು ಅದೇ ಸ್ಥಳದಲ್ಲಿ ಅಥವಾ ತಕ್ಕ ಬೇರೊಂದು ಸ್ಥಳದಲ್ಲಿ ಬದಲಿ ಮರವನ್ನು ನೆಡಬೇಕೆಂಬ ಷರತ್ತನ್ನು ಅಧಿಕಾರಿಯು ವಿಧಿಸಬಹುದು. ಮುಂದಿನ ತಿದ್ದುಪಡಿಯೊಂದರಿಂದ, ಸಾರ್ವಜನಿಕ ಕಾರ್ಯಕ್ಕಾಗಿ 50ಕ್ಕಿಂತ ಹೆಚ್ಚು ಮರಗಳನ್ನು ಕಡಿಯುವಾಗ ಪ್ರಕಟಣೆಯನ್ನು ಹೊರಡಿಸಿ ಜನರ ಆಕ್ಷೇಪಣೆಗಳನ್ನು ಕೇಳಬೇಕೆಂಬ ನಿಯಮವೂ ಸೇರಿತು. ವನವನ್ನು ಪ್ರವೇಶಿಸುವವನು ಹಿಂದಿನ ದಿನವೇ ತನ್ನ ಸಂಕಲ್ಪವನ್ನು ತಿಳಿಸಬೇಕೆಂಬ ಹಳೆಯ ನ್ಯಾಯವು ಇಲ್ಲಿ ಬೇರೊಂದು ರೂಪವನ್ನು ತಾಳಿದೆ.

ಆದರೆ ಈ 50 ಎಂಬ ಸಂಖ್ಯೆಯನ್ನು ಪರೀಕ್ಷಿಸತಕ್ಕದ್ದು. 2025ರ ಏಪ್ರಿಲ್ ತಿಂಗಳಲ್ಲಿ ಮೈಸೂರಿನ ಹೈದರಾಲಿ ರಸ್ತೆಯ ವಿಸ್ತರಣಕ್ಕಾಗಿ ಬೆಳೆದು ನಿಂತಿದ್ದ 40 ಮರಗಳನ್ನು ಕಡಿಯಲಾಯಿತು. ಬೆಳಗಾದ ಮೇಲೆ ನೋಡಿದ ನಾಗರಿಕರು ಶೋಕಿಸಿದರು, ಪ್ರತಿಭಟಿಸಿದರು. ನಲವತ್ತು ಐವತ್ತಕ್ಕಿಂತ ಕಡಮೆ. ಒಂದು ಬೀದಿಯ ನೆರಳೆಲ್ಲವೂ ಹೋದರೂ, ಮರಗಳನ್ನು ಎಣಿಕೆಯಿಂದ ಮಾತ್ರ ಅಳೆಯುವ ನಿಯಮಕ್ಕೆ ಅಲ್ಲಿ ಜನರನ್ನು ಕೇಳುವ ಪ್ರಸಂಗವೇ ಒದಗುವುದಿಲ್ಲ. ಅದೇ ಬೀದಿಯನ್ನು ಯಾಜ್ಞವಲ್ಕ್ಯನ ವಾಕ್ಯದಿಂದ ಅಳೆದರೆ ಮರಗಳೆಷ್ಟು ಎಂಬುದಕ್ಕಿಂತ ಮೊದಲು, ಅವು ಎಲ್ಲಿ ನಿಂತಿದ್ದುವು, ಜನರು ಅವುಗಳನ್ನು ಹೇಗೆ ಬಲ್ಲರು, ಅವುಗಳಿಂದ ಯಾರ ಜೀವನವು ನಡೆಯುತ್ತಿತ್ತು ಎಂಬ ಪ್ರಶ್ನೆಗಳು ಬರುತ್ತವೆ. ಬದಲಿ ನೆಡುವ ಷರತ್ತಿನಲ್ಲಿಯೂ ಎಣಿಕೆಯದೇ ಪ್ರಭುತ್ವ. ಒಂದು ಮರಕ್ಕೆ ಹತ್ತು ಸಸಿಗಳೆಂಬ ಲೆಕ್ಕವು ಅನೇಕ ಅನುಮತಿಗಳಲ್ಲಿ ಕಾಣುತ್ತದೆ. ಮತ್ಸ್ಯಪುರಾಣದಲ್ಲಿಯೂ ಹತ್ತರ ಲೆಕ್ಕವೊಂದುಂಟು. ಅಶೋಕದ ಸಸಿಯನ್ನು ಮಗನೆಂದು ಸ್ವೀಕರಿಸಿದ ಪಾರ್ವತಿಯು, ಹತ್ತು ಬಾವಿಗಳಿಗೆ ಒಂದು ಕೊಳ, ಹತ್ತು ಕೊಳಗಳಿಗೆ ಒಂದು ಮಡು, ಹತ್ತು ಮಡುಗಳಿಗೆ ಒಬ್ಬ ಮಗ, ಹತ್ತು ಮಕ್ಕಳಿಗೆ ಒಂದು ಮರ ಸಮಾನವೆಂದು ಹೇಳುತ್ತಾಳೆ. ಅಲ್ಲಿ ಹತ್ತು ಎಂಬುದು ಮರದ ಗೌರವವನ್ನು ಏರಿಸುವ ಗುಣಕ; ಇಲ್ಲಿ ಮರವನ್ನು ಕೊಡಲಿಗೆ ಬಿಟ್ಟುಕೊಡಲು ತೆರುವ ಬೆಲೆ. ಬೀದಿಯ ಬದಿಯಲ್ಲಿ ಅಂಗಡಿಯಿಟ್ಟವಳಿಗೆ ಊರ ಹೊರಗೆ ನೆಟ್ಟ ಹತ್ತು ಸಸಿಗಳಿಂದ ಈ ಬೇಸಗೆಯ ನೆರಳು ಬರುವುದಿಲ್ಲ. ವಿಷ್ಣುಸ್ಮೃತಿಯ ಭಾಷೆಯಲ್ಲಿ ಹೇಳುವುದಾದರೆ, ಕಳೆದುಕೊಂಡವನಿಗೆ ಉತ್ಪತ್ತಿಯು ಸಲ್ಲಲಿಲ್ಲ.

ವಿಶ್ರುತವೃಕ್ಷವೆಂಬ ವರ್ಗವು ಇಂದಿಗೂ ಸತ್ತಿಲ್ಲವೆಂಬುದಕ್ಕೆ ಒಂದು ನಿದರ್ಶನವುಂಟು. ಮಾಗಡಿ ಸೀಮೆಯ ಹುಲಿಕಲ್ಲಿನಿಂದ ಕುದೂರಿನವರೆಗೆ ಸುಮಾರು ನಾಲ್ಕು ಕಿಲೋಮೀಟರು ದೂರ, ಮಕ್ಕಳಿಲ್ಲದ ತಿಮ್ಮಕ್ಕನೂ ಆಕೆಯ ಪತಿ ಚಿಕ್ಕಯ್ಯನೂ ಆಲದ ಸಸಿಗಳನ್ನು ನೆಟ್ಟು, ನೀರು ಹೊತ್ತು ಬೆಳೆಸಿದರು. ಆ ಮರಗಳ ಸಂಖ್ಯೆ 385. ಪಾರ್ವತಿಯ ಕಥೆಯನ್ನು ಓದದೆಯೇ ಅದರಂತೆ ನಡೆದವರು ಅವರು. 2019ರಲ್ಲಿ ರಸ್ತೆಯ ವಿಸ್ತರಣಕ್ಕೆ ಈ ಆಲಗಳು ಬಲಿಯಾಗುವ ಪ್ರಸಂಗವು ಬಂದಾಗ ಆಕೆಯ ಮೊರೆಯನ್ನು ಸರ್ಕಾರವು ಕೇಳಿ, ಬೇರೆ ಮಾರ್ಗವನ್ನು ನೋಡುವಂತೆ ಆಜ್ಞಾಪಿಸಿತು. ಅಧಿನಿಯಮದ ಯಾವ ವಾಕ್ಯವೂ ಆಲದ ಸಾಲಿಗೆ ಈ ವಿಶೇಷವನ್ನು ಕೊಟ್ಟಿರಲಿಲ್ಲ. ಅದು ಕಲ್ಯಾಣದ ವ್ಯಾಖ್ಯಾನಕಾರನಿಗೆ ಪರಿಚಿತವಾಗಿದ್ದ ವಿಶೇಷ. ಹೆಸರಾಂತ ತಾಯಿಯೊಬ್ಬಳಿಲ್ಲದ ಬೀದಿಯ ಮರಗಳಿಗೆ ಅದು ದೊರೆಯದು.

ಕಡೆಯದಾಗಿ, ಕಡಿಯುವವನು ರಾಜನೇ ಆದರೆ ದಂಡ ತೆರುವವರಾರು ಎಂಬ ಪ್ರಶ್ನೆಯುಳಿಯಿತು. ಇಂದಿನ ನಗರದಲ್ಲಿ ರಸ್ತೆಯನ್ನು ಅಗಲಿಸುವುದು ಒಂದು ಇಲಾಖೆ, ಅನುಮತಿಯನ್ನು ಕೊಡುವುದು ಮತ್ತೊಂದು ಇಲಾಖೆ. ಎರಡೂ ಒಂದೇ ಸರ್ಕಾರದ ಕೈಗಳು. ಸಾಮಾನ್ಯನಿಗೆ ಒಂದು ಕಾರ್ಷಾಪಣ ದಂಡವಾಗುವ ಅಪರಾಧಕ್ಕೆ ರಾಜನಿಗೆ ಸಾವಿರವೆಂದು ಮನುವು ಎಂಟನೆಯ ಅಧ್ಯಾಯದಲ್ಲಿ ವಿಧಿಸಿದ್ದಾನೆ. ರಾಜನು ತನ್ನ ದಂಡವನ್ನು ತನ್ನ ಬೊಕ್ಕಸಕ್ಕೇ ತೆತ್ತರೆ ದಂಡವಾಗುವುದೆಂತು? ಕುಲ್ಲೂಕಭಟ್ಟನು ಈ ಶಂಕೆಯನ್ನು ಪರಿಹರಿಸುತ್ತಾನೆ: ಆ ಹಣವನ್ನು ನೀರಿನಲ್ಲಿ ಹಾಕತಕ್ಕದ್ದು, ಇಲ್ಲವೆ ಬ್ರಾಹ್ಮಣರಿಗೆ ಕೊಡತಕ್ಕದ್ದು, ಏಕೆಂದರೆ ದಂಡಕ್ಕೆ ಒಡೆಯನು ವರುಣನು, ರಾಜನಲ್ಲ. ಮೈಸೂರಿನಿಂದ ತಿರುಮಕೂಡಲು ನರಸೀಪುರಕ್ಕೆ ಹೋಗುವ ಹಾದಿಯಲ್ಲಿ ಆ ದೇವತೆಯ ಹೆಸರನ್ನೇ ಹೊತ್ತ ವರುಣಾಗ್ರಾಮವೂ ಅದರ ಕೆರೆಯೂ ಇವೆ.